ಕಲ್ಲಡಿಯ ಹುಳ, ಮಡುವಿನ ಮೇಲಿನ ಬಾವಲಿ: ಹಳ್ಳ ಚೆನ್ನಾಗಿದೆಯಾ ಅಂತ ಇವುಗಳಿಂದ ತಿಳಿಯುತ್ತದಾ?

ಹಳ್ಳದಂಚು (ಮೂಡಿಗೆರೆ ತಾಲ್ಲೂಕು) · ಜನವರಿ 4

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮ ತೋಟದ ಕೆಳಗೆ ಒಂದು ಹಳ್ಳ ಇದೆ. ಮುಂದೆ ಹೋಗಿ ಹೇಮಾವತಿ ಸೇರುತ್ತದೆ. ಬೇಸಿಗೆಯಲ್ಲೂ ಬತ್ತುವುದಿಲ್ಲ. ನಾನು ಚಿಕ್ಕವಳಿದ್ದಾಗ ಅಲ್ಲಿ ಯಾವ ಕಲ್ಲು ಎತ್ತಿದರೂ ಏಡಿ, ಸಿಗಡಿ, ಬಾಲ ಇರುವ ಚಪ್ಪಟೆ ಹುಳ ಓಡುತ್ತಿದ್ದವು. ಸಂಜೆ ಮಡುವಿನ ಮೇಲೆ ಸಣ್ಣ ಬಾವಲಿಗಳು ನೀರಿಗೆ ತಾಗಿದ ಹಾಗೆ ಹಾರುತ್ತಿದ್ದವು. ಅಜ್ಜಿ ಅವನ್ನು ಕಣ್ಕಪ್ಪಡಿ ಅನ್ನುತ್ತಿದ್ದರು. ನಾವು ಕಲ್ಲು ಹೊಡೆದರೆ ಗದರುತ್ತಿದ್ದರು.

ಈಗ ಡಿಸೆಂಬರ್ ಬಂತು ಅಂದರೆ ಹಳ್ಳದ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಹುಳಿ ವಾಸನೆ ಬರುತ್ತದೆ. ಕಲ್ಲಿನ ಮೇಲೆ ಬೂದು ಲೋಳೆ ಕಟ್ಟುತ್ತದೆ. ಮೇಲಿನ ಒಂದು ತೋಟದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರು ಇಲ್ಲಿಗೇ ಬರುತ್ತದೆ. ಗುಂಡಿ ತುಂಬಿದ ದಿನ ನಮ್ಮ ಪಲ್ಪರ್ ನೀರೂ ಇಲ್ಲಿಗೇ ಬರುತ್ತದೆ. ಅದನ್ನು ಮುಚ್ಚಿಟ್ಟು ಮಾತಾಡಲು ನನಗೆ ಮನಸ್ಸಿಲ್ಲ.

ಹೋದ ವರ್ಷ ನೀರನ್ನು ಒಂದು ಲ್ಯಾಬಿಗೆ ಕೊಟ್ಟೆ. ಮೊದಲ ಬಾಟಲಿ ಸರಿಯಾಗಿ ತುಂಬಿಸಿಲ್ಲ ಅಂತ ವಾಪಸ್ ಬಂತು. ಎರಡನೇದು ಕಳಿಸುವಷ್ಟರಲ್ಲಿ ಮಾರ್ಚ್ ಆಗಿತ್ತು, ಪಲ್ಪಿಂಗ್ ಮುಗಿದಿತ್ತು. ಎಲ್ಲವೂ ಮಿತಿಯೊಳಗಿದೆ ಅಂತ ವರದಿ ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹಳ್ಳಕ್ಕೆ ಇಳಿದೆ. ಕಲ್ಲು ಎತ್ತಿದೆ. ಕೆಳಗೆ ಏನೂ ಇರಲಿಲ್ಲ.

ನೀರಿನ ಹುಳ ಮತ್ತು ಬಾವಲಿ ನೋಡಿ ಹೊಳೆಯ ಆರೋಗ್ಯ ಹೇಳಬಹುದು ಅಂತ ಕೇಳಿದ್ದೇನೆ. ಅದು ನಮ್ಮಂಥವರ ಕೈಯಲ್ಲಿ ಆಗುತ್ತದಾ? ಗೊತ್ತಿರುವವರು ಹೇಳಿ.

ಕಲ್ಲೆತ್ತಿ ನೋಡು (ಹಾಸನ, ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ) · ಜನವರಿ 4

ಆಗುತ್ತದೆ. ಹುಳದ ವಿಷಯ ನಾನು ಹೇಳುತ್ತೇನೆ. ಬಾವಲಿ ವಿಷಯಕ್ಕೆ ಬೇರೆಯವರು ಬರಲಿ.

ನಿಮ್ಮ ಲ್ಯಾಬ್ ವರದಿ ಸುಳ್ಳಾಗಿರಬೇಕಿಲ್ಲ. ಬಾಟಲಿಯಲ್ಲಿ ಸಿಗುವುದು ಆ ಗಳಿಗೆಯ ನೀರು ಮಾತ್ರ. ಬೆಳಿಗ್ಗೆ 6ಕ್ಕೆ ಪಲ್ಪರ್ ನೀರು ಬಿಟ್ಟರೆ, ನೀವು 11ಕ್ಕೆ ಬಾಟಲಿ ತುಂಬಿಸಿದರೆ, ಅದು ಆಗಲೇ ಕೆಳಗೆ ಹೋಗಿರುತ್ತದೆ. ಹುಳ ಹಾಗಲ್ಲ. ಮೇಫ್ಲೈ ಅನ್ನುವ ಕೀಟದ ಮರಿ ತಿಂಗಳುಗಟ್ಟಲೆ ಕಲ್ಲಿನಡಿಯೇ ಬದುಕುತ್ತದೆ. ಮಧ್ಯದಲ್ಲಿ ಒಂದೇ ರಾತ್ರಿ ನೀರಿನ ಆಮ್ಲಜನಕ ಪೂರ್ತಿ ಇಳಿದರೂ ಅದು ಸಾಯುತ್ತದೆ. ಆಮೇಲೆ ನೀರು ಎಷ್ಟು ತಿಳಿಯಾದರೂ ಆ ಜಾಗ ಕೆಲವು ವಾರ, ಕೆಲವು ತಿಂಗಳು ಖಾಲಿ ಇರುತ್ತದೆ. ಮಾರ್ಚ್‌ನಲ್ಲಿ ನೀವು ನೋಡಿದ ಖಾಲಿ ಕಲ್ಲು ಡಿಸೆಂಬರ್, ಜನವರಿಯ ಲೆಕ್ಕ.

ಮುಖ್ಯವಾಗಿ ಮೂರು ಗುಂಪು ಹುಡುಕಿ. ಒಂದು ಸ್ಟೋನ್‌ಫ್ಲೈ ಮರಿ: ಎರಡು ಬಾಲ, ಪ್ರತಿ ಕಾಲಿನ ತುದಿಯಲ್ಲಿ ಎರಡು ಉಗುರು, ಹೊಟ್ಟೆಯ ಪಕ್ಕದಲ್ಲಿ ಕಿವಿರು ಇರುವುದಿಲ್ಲ. ನಮ್ಮ ಘಟ್ಟದ ಹಳ್ಳಗಳಲ್ಲಿ ಸಿಗುವುದು ಹೆಚ್ಚಾಗಿ ಪರ್ಲಿಡೇ ಕುಟುಂಬದವು. ಅವುಗಳ ಎದೆಯ ಕೆಳಗೆ ಕುಚ್ಚಿನಂಥ ಕಿವಿರು ಕಾಣುತ್ತದೆ. ಎರಡನೇದು ಮೇಫ್ಲೈ ಮರಿ: ಸಾಮಾನ್ಯವಾಗಿ ಮೂರು ಬಾಲ, ಹೊಟ್ಟೆಯ ಎರಡೂ ಪಕ್ಕ ಎಲೆಯಂಥ ಕಿವಿರು. ನೀವು ಚಿಕ್ಕವರಿದ್ದಾಗ ಕಂಡ ಬಾಲದ ಚಪ್ಪಟೆ ಹುಳ ಬಹುಶಃ ಇದೇ. ಮೂರನೇದು ಕ್ಯಾಡಿಸ್. ಮರಳು, ಎಲೆ ಚೂರು, ಕಡ್ಡಿ ಅಂಟಿಸಿಕೊಂಡು ಗೂಡು ಮಾಡಿಕೊಂಡು ಅದರೊಳಗೇ ಇರುತ್ತದೆ. ಕೆಲವು ಗೂಡು ಕಟ್ಟದೆ ಕಲ್ಲಿನ ಸಂದಿಯಲ್ಲಿ ಬಲೆ ನೇಯುತ್ತವೆ, ಹರಿವಿನಲ್ಲಿ ಬಂದಿದ್ದನ್ನು ತಿನ್ನುತ್ತವೆ. ಆ ಬಲೆಯನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಿ. ನನಗೆ ಇಪ್ಪತ್ತು ವರ್ಷ ಆದಮೇಲೂ ಅದನ್ನು ಕಂಡರೆ ಖುಷಿ ಆಗುತ್ತದೆ.

ಇನ್ನೊಂದು ತುದಿಯಲ್ಲಿ ಕೈರೊನೊಮಿಡ್ ಅನ್ನುವ ಕೆಂಪು ಹುಳ. ಅದರ ಮೈಯಲ್ಲಿ ಹೀಮೋಗ್ಲೋಬಿನ್ ಇರುತ್ತದೆ, ಅದಕ್ಕೇ ಆ ಬಣ್ಣ. ಆಮ್ಲಜನಕ ಕಮ್ಮಿ ಇರುವ ಕೆಸರಲ್ಲೂ ಬದುಕುತ್ತದೆ. ದಾರದಂಥ ಟ್ಯೂಬಿಫೆಕ್ಸ್ ಹುಳುಗಳೂ ಹಾಗೆಯೇ. ಇವೆರಡೇ ಉಳಿದಿದ್ದರೆ ಹಳ್ಳ ಕಷ್ಟದಲ್ಲಿದೆ.

ಇದಕ್ಕೆ ಅಂಕ ಕೊಡುವ ಪದ್ಧತಿ ಬ್ರಿಟನ್ನಿನಲ್ಲಿ 1980ರ ಹೊತ್ತಿಗೆ ಬಂತು. ಪ್ರತಿ ಕುಟುಂಬಕ್ಕೆ 1ರಿಂದ 10 ಅಂಕ. ಪರ್ಲಿಡೇಗೆ 10, ಬಲೆ ನೇಯುವ ಹೈಡ್ರೊಸೈಕಿಡೇಗೆ 5, ಕೆಂಪು ಹುಳಕ್ಕೆ 2, ಟ್ಯೂಬಿಫೆಕ್ಸ್ ಬಳಗಕ್ಕೆ 1. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇದೇ ದಾರಿಯಲ್ಲಿ ಜೈವಿಕ ಮಾನದಂಡ ಮಾಡಿದೆ. ಸರಾಸರಿ ಅಂಕ ಮತ್ತು ವೈವಿಧ್ಯದ ಅಂಕ ಎರಡನ್ನೂ ನೋಡಿ ನೀರನ್ನು ಎ ಇಂದ ಇ ವರೆಗೆ ಐದು ದರ್ಜೆ ಮಾಡುತ್ತಾರೆ. ಸರಾಸರಿ 7ರ ಮೇಲಿದ್ದರೆ ಶುದ್ಧ, 2ರ ಕೆಳಗಿದ್ದರೆ ತೀರಾ ಕೆಟ್ಟಿದೆ ಅಂತ.

ಒಂದು ಎಚ್ಚರಿಕೆ. ಮೇಫ್ಲೈ ಸಿಕ್ಕಿತು, ನೀರು ಶುದ್ಧ ಅಂತ ಕೂಡಲೇ ಹೇಳಬೇಡಿ. ಬೀಟಿಡೇ ಅನ್ನುವ ಮೇಫ್ಲೈ ಕುಟುಂಬಕ್ಕೆ 4 ಅಂಕ ಮಾತ್ರ. ಅದು ಸ್ವಲ್ಪ ಕೊಳೆ ತಡೆಯುತ್ತದೆ.

ಕಣದ ಕಾವಲು (ಕಾಫಿ ಬೆಳೆಗಾರ, ಸಕಲೇಶಪುರ ಕಡೆ) · ಜನವರಿ 5

ಓದಿದೆ. ಮನಸ್ಸಿಗೆ ಸ್ವಲ್ಪ ನೋವಾಯಿತು, ಆದರೆ ಮಾತು ಸರಿ ಇದೆ.

ಪಲ್ಪರ್ ನೀರಿನ ತೊಂದರೆ ಏನು ಅಂತ ಬೆಳೆಗಾರನಾಗಿ ನಾನೇ ಹೇಳುತ್ತೇನೆ. ಹಣ್ಣಿನ ಸಿಪ್ಪೆ ಮತ್ತು ಲೋಳೆಯಲ್ಲಿ ಸಕ್ಕರೆ ಇರುತ್ತದೆ. ಅದು ನೀರಲ್ಲಿ ಹುಳಿಯುತ್ತದೆ, ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ. ಸಕ್ಕರೆ ತಿನ್ನುವ ಬ್ಯಾಕ್ಟೀರಿಯಾ ಹಳ್ಳದ ಆಮ್ಲಜನಕವನ್ನೂ ಎಳೆದುಕೊಳ್ಳುತ್ತವೆ. ಸ್ನಾನ ಮಾಡುವ ಹೊಳೆಯಲ್ಲಿ ಬಿಓಡಿ (ಕೊಳೆ ಕರಗಿಸಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 3 ಮಿಲಿಗ್ರಾಂ ದಾಟಬಾರದು ಅಂತ ಇದೆ. ಪಲ್ಪರ್‌ನಿಂದ ಹೊರಗೆ ಬರುವ ನೀರಿನಲ್ಲಿ ಅದು ಸಾವಿರಗಳ ಲೆಕ್ಕದಲ್ಲಿ ಇರುತ್ತದೆ. ವಿಷ ಹಾಕಿಲ್ಲವಲ್ಲ, ಬರೀ ಹಣ್ಣಿನ ನೀರು ಅಲ್ವಾ ಅಂತ ನಮ್ಮಪ್ಪ ಹೇಳುತ್ತಿದ್ದರು. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ.

ಸುಣ್ಣ ಹಾಕಿ ಹುಳಿ ಕಡಿಮೆ ಮಾಡಿ, ಗಾಳಿಯಾಡದ ತೊಟ್ಟಿಯಲ್ಲಿ ಕೆಲವು ದಿನ ಬಿಟ್ಟು, ಆಮೇಲೆ ಗಾಳಿ ಕೊಟ್ಟು, ಕೊನೆಗೆ ತೋಟಕ್ಕೇ ಬಿಡಬಹುದು. ಕಮ್ಮಿ ನೀರು ಕುಡಿಯುವ ಪಲ್ಪರ್‌ಗಳೂ ಬಂದಿವೆ. ಆದರೆ ಹತ್ತು ಎಕರೆಯವನಿಗೆ ಇದೆಲ್ಲ ಜಾಸ್ತಿ ಖರ್ಚು. ಅದನ್ನೂ ಯಾರಾದರೂ ಮಾತಾಡಬೇಕು.

ಇನ್ನೊಂದು ಮಾತು. ಎಲ್ಲ ಕಾಫಿ ಮೇಲೆ ಹಾಕಬೇಡಿ. ಊರ ಚರಂಡಿ ಇದೆ, ಹೋಂಸ್ಟೇ ಶೌಚದ ಗುಂಡಿಗಳಿವೆ. ಹೊಳೆಯಲ್ಲೇ ಸ್ಪ್ರೇ ಡ್ರಮ್ ತೊಳೆಯುವವರಿದ್ದಾರೆ.

ಕಲ್ಲೆತ್ತಿ ನೋಡು · ಜನವರಿ 5

@ಕಣದ ಕಾವಲು, ಡ್ರಮ್ ತೊಳೆಯುವ ಮಾತು ಎತ್ತಿದ್ದು ತುಂಬಾ ಒಳ್ಳೆಯದಾಯಿತು. ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ನಮಗೆ ಅಷ್ಟು ತೊಂದರೆ ಮಾಡದ ಪ್ರಮಾಣವೂ ಬಸವನಹುಳುವಿಗೆ, ಮೇಫ್ಲೈ ಮರಿಗೆ ಸಾವು ತರಬಹುದು. ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ, ಕಾಫಿಗೆ ಎಲೆತುಕ್ಕು ಬಾರದಿರಲಿ ಅಂತ ಮಳೆಗಾಲದ ಹೊತ್ತಿಗೇ ಹೊಡೆಯುತ್ತೇವೆ. ಪಲ್ಪರ್ ಹಾವಳಿ ಚಳಿಗಾಲದ್ದು. ಹಾಗಾಗಿ ವರ್ಷಕ್ಕೆ ಒಂದು ಸಲ ಹುಳ ನೋಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಮಳೆ ನಿಂತು ನೀರು ಇಳಿದಮೇಲೆ ನವೆಂಬರ್‌ನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ, ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ. ಜುಲೈಯಲ್ಲಿ ಬೇಡ. ಪ್ರವಾಹಕ್ಕೆ ಹುಳ ತಾವಾಗೇ ಕೊಚ್ಚಿಹೋಗಿರುತ್ತವೆ, ಹಳ್ಳಕ್ಕೆ ಇಳಿಯುವುದೂ ಅಪಾಯ.

ಭದ್ರೆ ದಡ (ಕಳಸ) · ಜನವರಿ 6

ನಮ್ಮ ಕಡೆ ಪಲ್ಪರ್‌ಗಿಂತ ಮಣ್ಣಿನ ಕಾಟ. ಮೇಲೆ ಗುಡ್ಡ ಕಡಿದು ರಸ್ತೆ ಅಗಲ ಮಾಡಿದರು. ಮೊದಲ ಮಳೆಗೇ ತೊರೆ ಪೂರ್ತಿ ಕೆಂಪಾಯಿತು. ಈಗ ನೀರು ತಿಳಿ ಇದೆ. ಆದರೆ ಕಲ್ಲುಗಳ ಸಂದಿ ಎಲ್ಲ ಹೂಳು ತುಂಬಿ, ಕಲ್ಲು ಎತ್ತಲು ಹೋದರೆ ಅಂಟಿಕೊಂಡಿರುತ್ತದೆ. ಹುಳಕ್ಕೆ ನುಸುಳಲು ಜಾಗವೇ ಇಲ್ಲ. ಲ್ಯಾಬಿನವರು ನೀರಿನ ಬಾಟಲಿ ನೋಡಿ ಇದನ್ನು ಹೇಗೆ ಹೇಳುತ್ತಾರೆ?

ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲಲ್ಲಿ ನಿಂತು ಮೀನಿಗೆ ಮಂಡಕ್ಕಿ ಹಾಕುತ್ತೇವೆ. ನಮ್ಮ ತೊರೆಯ ಸಣ್ಣ ಮೀನಿಗೆ ಮಂಡಕ್ಕಿ ಹಾಕುವವರು ಯಾರೂ ಇಲ್ಲ. ಅವಕ್ಕೆ ಈ ಹುಳಗಳೇ ಊಟ.

ಹಳ್ಳದಂಚು · ಜನವರಿ 6

ಎಲ್ಲರಿಗೂ ಧನ್ಯವಾದ. ಸೊಳ್ಳೆಪರದೆ ಬಟ್ಟೆಯಲ್ಲಿ ಒಂದು ಬಲೆ ಹೊಲಿಯುತ್ತಿದ್ದೇನೆ. ಬಾವಲಿ ಬಗ್ಗೆ ಯಾರಾದರೂ ಹೇಳುತ್ತೀರಾ?

ರಾತ್ರಿ ಕಿವಿ (ಚಿಕ್ಕಮಗಳೂರು) · ಜನವರಿ 7

ನಾನು ಹೇಳುತ್ತೇನೆ. ಬಾವಲಿಗಳ ಧ್ವನಿ ರೆಕಾರ್ಡ್ ಮಾಡುವುದು ನನ್ನ ಹವ್ಯಾಸ, ಏಳೆಂಟು ವರ್ಷದಿಂದ.

ನಿಮ್ಮ ಅಜ್ಜಿ ತೋರಿಸಿದ ಬಾವಲಿ ಮಾವು, ಪೇರಲೆ ತಿನ್ನುವ ದೊಡ್ಡದಲ್ಲ. ಇವು ಹುಳ ತಿನ್ನುವವು. ಮೈ ಹೆಬ್ಬೆರಳಿನಷ್ಟೇ. ನೀರಿಗೆ ತಾಗಿದ ಹಾಗೆ ಹಾರುತ್ತಿತ್ತು ಅಂದಿರಲ್ಲ, ಅದು ಹಾರ್ಸ್‌ಫೀಲ್ಡ್ ಮಯೋಟಿಸ್ ಅನ್ನುವ ಜಾತಿ ಇರಬಹುದು. ಘಟ್ಟದ ಹೊಳೆಗಳ ಮೇಲೆ ಬೇಟೆ ಆಡುತ್ತದೆ. ಅದರ ಪಾದ ಮೈಗೆ ಹೋಲಿಸಿದರೆ ದೊಡ್ಡದು. ಇನ್ನು ಪಿಪಿಸ್ಟ್ರೆಲ್ ಅನ್ನುವ ಬೇರೆ ಸಣ್ಣ ಬಾವಲಿಗಳು ಸ್ವಲ್ಪ ಮೇಲೆ, ಮರದ ಅಂಚಿನಲ್ಲಿ ಸುತ್ತು ಹಾಕುತ್ತವೆ. ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಬೇಡಿ.

ಕಲ್ಲಡಿಯ ಮೇಫ್ಲೈ, ಕ್ಯಾಡಿಸ್, ಕೈರೊನೊಮಿಡ್ ಎಲ್ಲವೂ ಒಂದು ದಿನ ರೆಕ್ಕೆ ಬಂದು ಮೇಲಕ್ಕೆ ಏಳುತ್ತವೆ. ರೆಕ್ಕೆ ಬಂದ ಮೇಫ್ಲೈಗೆ ಊಟ ಮಾಡುವ ಬಾಯಿಯೇ ಇಲ್ಲ. ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಬದುಕುತ್ತದೆ. ಅಷ್ಟರಲ್ಲಿ ಮೊಟ್ಟೆ ಇಡಬೇಕು. ಆ ಹೊತ್ತಿಗೆ ಬಾವಲಿ ಕಾದಿರುತ್ತದೆ. ಹೊಳೆಯೊಳಗೆ ಬೆಳೆದ ಆಹಾರ ಹೀಗೆ ದಡದ ಕಾಡಿಗೆ ಹೋಗುತ್ತದೆ. ಆದ್ದರಿಂದ ಬಾವಲಿ ಇದೆ ಅಂದರೆ ಹುಳ ಹುಟ್ಟುತ್ತಿದೆ ಅನ್ನುವುದಷ್ಟೇ ಅಲ್ಲ. ಅದು ಮಲಗಲು ಹತ್ತಿರದಲ್ಲಿ ಪೊಟರೆ ಮರವೋ ಹಳೇ ಸೇತುವೆಯ ಸಂದಿಯೋ ಇದೆ, ಹಾರಿ ಬರಲು ದಡದಲ್ಲಿ ಮರದ ಸಾಲಿದೆ, ಕತ್ತಲೂ ಉಳಿದಿದೆ ಅಂತ. ತಮಿಳುನಾಡಿನ ವಾಲ್ಪಾರೈಯಲ್ಲಿ ನಡೆದ ಅಧ್ಯಯನಗಳಲ್ಲಿ, ಟೀ ತೋಟಕ್ಕಿಂತ ನಾಟಿ ಮರಗಳ ನೆರಳಿನ ಕಾಫಿ ತೋಟದಲ್ಲಿ, ಹೊಳೆಬದಿಯ ಕಾಡಿನ ಪಟ್ಟಿಯಲ್ಲಿ ಬಾವಲಿಗಳು ಚೆನ್ನಾಗಿ ಉಳಿದಿದ್ದು ಕಂಡಿತು. ನಮ್ಮ ಬೆಳೆಗಾರರಿಗೆ ಇದು ಒಳ್ಳೆಯ ಸುದ್ದಿ. ಹೊಳೆಮತ್ತಿ, ಅತ್ತಿ, ನೇರಳೆ ಕಡಿಯದೆ ಬಿಟ್ಟವರ ಪಾಲೂ ಇದರಲ್ಲಿದೆ.

ಈಗ ಕಷ್ಟದ ಮಾತು. ಬಾವಲಿ ಜಾಸ್ತಿ ಇದ್ದರೆ ನೀರು ಒಳ್ಳೆಯದು ಅನ್ನುವ ಲೆಕ್ಕ ತಪ್ಪಬಹುದು. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಚರಂಡಿ ನೀರು ನದಿಗೆ ಸೇರುವ ಜಾಗದ ಮೇಲೂ ಕೆಳಗೂ ಬಾವಲಿ ಎಣಿಸಿದರು. ಕೆಳಗಡೆ ಪಿಪಿಸ್ಟ್ರೆಲ್ ಓಡಾಟ ಕಮ್ಮಿ ಇತ್ತು. ಆದರೆ ನೀರಿನ ಮೇಲೆ ಬೇಟೆ ಆಡುವ ಡಾಬೆಂಟನ್ ಬಾವಲಿ ಜಾಸ್ತಿ ಇತ್ತು! ಕೊಳೆ ನೀರಲ್ಲಿ ಕೈರೊನೊಮಿಡ್ ಮುಗಿಬಿದ್ದು ಹುಟ್ಟುತ್ತವೆ, ಅವೇ ಅದಕ್ಕೆ ಊಟ. ದಕ್ಷಿಣ ಆಫ್ರಿಕಾದಲ್ಲೂ ಕೊಳಚೆ ಶುದ್ಧೀಕರಣ ಘಟಕಗಳ ಕೆಳಗೆ ಒಂದು ಜಾತಿಯ ಬಾವಲಿ ಜಾಸ್ತಿ ಸೇರುವುದನ್ನು ಕಂಡರು. ಆ ಬಾವಲಿಗಳ ಅಂಗಾಂಶದಲ್ಲಿ ಕ್ಯಾಡ್ಮಿಯಂನಂಥ ಲೋಹ ಸಿಕ್ಕಿತು. ಅಂದರೆ ಅವು ಹೊಟ್ಟೆ ತುಂಬ ತಿನ್ನುತ್ತಿದ್ದವು, ಜೊತೆಗೆ ಲೋಹವನ್ನೂ ತಿನ್ನುತ್ತಿದ್ದವು.

ಅದಕ್ಕೇ ನಾನು ಹೇಳುವುದು, ಬಾವಲಿಯನ್ನು ಒಂಟಿಯಾಗಿ ನಂಬಬೇಡಿ. ಕೆಳಗೆ ಹುಳ, ಮೇಲೆ ಬಾವಲಿ, ಎರಡನ್ನೂ ಒಂದೇ ಜಾಗದಲ್ಲಿ ನೋಡಿ.

ಎಣಿಸುವುದು ಹೇಗೆ? ಬ್ರಿಟನ್ನಿನಲ್ಲಿ 1997ರಿಂದ ಸಾಮಾನ್ಯ ಜನರೇ ಮಾಡುತ್ತಿದ್ದಾರೆ. ಹೊಳೆಯ 1 ಕಿಲೋಮೀಟರ್ ಉದ್ದದಲ್ಲಿ 10 ಜಾಗ ಗುರುತು ಮಾಡುತ್ತಾರೆ. ಒಂದೊಂದರಲ್ಲಿ 4 ನಿಮಿಷ ನಿಂತು ಬಾವಲಿ ಎಷ್ಟು ಸಲ ಹಾದುಹೋಯಿತು ಅಂತ ಬರೆಯುತ್ತಾರೆ. ನೀವು ಎರಡು ಜಾಗದಿಂದ ಶುರು ಮಾಡಿ. ಹರಿವು ಭೋರ್ಗರೆಯುವ ಕಡೆ ನಿಲ್ಲಬೇಡಿ. ಅಲ್ಲಿ ಬಾವಲಿಗೆ ತನ್ನ ಪ್ರತಿಧ್ವನಿ ಸರಿಯಾಗಿ ಕೇಳುವುದಿಲ್ಲ, ಅದು ನಿಂತ ಮಡುವನ್ನೇ ಹುಡುಕುತ್ತದೆ. ಹುಳಕ್ಕೆ ಮಾತ್ರ ಹರಿವಿನ ಕಲ್ಲು ನೋಡಿ.

ಮೊಬೈಲಲ್ಲಿ ಅವುಗಳ ಧ್ವನಿ ಸಿಗುವುದಿಲ್ಲ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ, ಇವು ಹೆಚ್ಚಾಗಿ ಅದರ ಮೇಲೆ ಕೂಗುತ್ತವೆ. ಆಡಿಯೋಮಾತ್ ಅನ್ನುವ ಪುಟ್ಟ ರೆಕಾರ್ಡರ್ ಸೆಕೆಂಡಿಗೆ 3,84,000 ಮಾದರಿವರೆಗೆ ದಾಖಲಿಸುತ್ತದೆ, ಅದು ಸಾಕು. ರೆಕಾರ್ಡಿಂಗ್ ನಿಧಾನ ಮಾಡಿ ಕೇಳಿದರೆ ಟಿಕ್ ಟಿಕ್ ಅಂತ ಬರುತ್ತದೆ. ಹುಳ ಹಿಡಿಯುವ ಕ್ಷಣಕ್ಕೆ ಅದು ಜರ್ರ್ ಅಂತ ಒಂದಾಗಿಬಿಡುತ್ತದೆ. ಆ ಜರ್ರ್ ಎಷ್ಟು ಸಲ ಬಂತು ಅಂತ ಎಣಿಸಿ. ಸುಮ್ನೆ ಹಾದುಹೋಗಿದ್ದಕ್ಕಿಂತ ಅದು ಮುಖ್ಯ. ಯಂತ್ರ ಬೇಕಾದರೆ ನನ್ನದು ಕಳಿಸುತ್ತೇನೆ.

ಎರಡು ಜಾಗವನ್ನೂ ಒಂದೇ ರಾತ್ರಿ ನೋಡಿ. ಜನವರಿ ಚಳಿಯಲ್ಲಿ ಬಾವಲಿ ಹೊರಗೆ ಬರುವುದೇ ಕಮ್ಮಿ. ಇವತ್ತು ಒಂದು ಜಾಗ, ಮುಂದಿನ ವಾರ ಇನ್ನೊಂದು ಅಂದರೆ ನೀವು ಅಳೆದಿದ್ದು ಚಳಿಯನ್ನು, ಹೊಳೆಯನ್ನಲ್ಲ.

ಬೇಲೂರು ರಸ್ತೆ · ಜನವರಿ 7

ಕ್ಷಮಿಸಿ, ನನಗೆ ಹೆದರಿಕೆ. ಚಿಕ್ಕ ಮಕ್ಕಳಿದ್ದಾರೆ. 2018ರಲ್ಲಿ ಕೇರಳದಲ್ಲಿ ನಿಪಾ ಬಂದಾಗಿನಿಂದ ನಮ್ಮ ಬೀದಿಯಲ್ಲಿ ಬಾವಲಿ ಅಂದರೆ ಓಡಿಸಿ ಅನ್ನುತ್ತಾರೆ.

ರಾತ್ರಿ ಕಿವಿ · ಜನವರಿ 7

ಹೆದರಿಕೆ ಸಹಜ. ನಿಪಾ ವೈರಾಣುವಿನ ನೆಲೆ ಹಣ್ಣು ತಿನ್ನುವ ದೊಡ್ಡ ಬಾವಲಿ. ಅದು ಕಚ್ಚಿದ ಹಣ್ಣು ತಿನ್ನಬೇಡಿ, ಮಕ್ಕಳಿಗೂ ಕೊಡಬೇಡಿ. ಹೊಳೆ ಮೇಲಿನ ಸಣ್ಣವು ಬೇರೆ ಬಳಗ. ಆದರೂ ಯಾವ ಬಾವಲಿಯನ್ನೂ ಕೈಯಲ್ಲಿ ಮುಟ್ಟಬೇಡಿ, ಸತ್ತಿದ್ದರೂ ಸರಿ. ನಾವು ಇಲ್ಲಿ ಹೇಳುತ್ತಿರುವುದು ದೂರದಲ್ಲಿ ನಿಂತು ಕೇಳುವ ಕೆಲಸ. ಅವು ಮಲಗಿರುವ ಕಡೆ ಹೊಗೆ ಹಾಕುವುದು, ಮರ ಕಡಿಯುವುದು ಬೇಡ. ಹೆಚ್ಚಿನ ಬಾವಲಿಗಳು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತವೆ. ಒಂದು ಗುಂಪು ಹಾಳಾದರೆ ಮತ್ತೆ ತುಂಬಲು ವರ್ಷಗಳು ಬೇಕು.

ಕಣದ ಕಾವಲು · ಜನವರಿ 8

ನನ್ನದೂ ಒಂದು ಎಚ್ಚರಿಕೆ, ಬೇರೆ ತರಹದ್ದು. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ರಾತ್ರಿ ಹೊಳೆಬದಿಗೆ ಹೋಗುವವರು ಆನೆ ಎಲ್ಲಿದೆ ಅನ್ನುವ ಮೆಸೇಜ್ ನೋಡದೆ ಹೊರಡಲೇಬೇಡಿ. ಒಬ್ಬರೇ ಹೋಗಬೇಡಿ. ಆದಷ್ಟು ಸೇತುವೆ ಮೇಲೇ ನಿಲ್ಲಿ, ಪಕ್ಕದಲ್ಲಿ ಜೀಪು ಇರಲಿ. ರೆಕಾರ್ಡರ್ ಬೆಳಕಿರುವಾಗಲೇ ಮರಕ್ಕೆ ಕಟ್ಟಿ ಬಂದುಬಿಟ್ಟರೆ ಇನ್ನೂ ಒಳ್ಳೆಯದು.

ಹಿನ್ನೀರು (ಹಾಸನ) · ಜನವರಿ 9

ಗೊರೂರು ಹಿನ್ನೀರಿನಲ್ಲೂ ಹೀಗೇ ಅಂಕ ಹಾಕಬಹುದಾ? ಶೆಟ್ಟಿಹಳ್ಳಿ ಚರ್ಚ್ ಹತ್ತಿರ ಸಂಜೆ ಬಾವಲಿ ತುಂಬಾ ಕಾಣುತ್ತವೆ.

ಕಲ್ಲೆತ್ತಿ ನೋಡು · ಜನವರಿ 9

ಹುಳದ ಈ ಅಂಕ ಹರಿಯುವ ನೀರಿಗೆ ಮಾಡಿದ್ದು. ಜಲಾಶಯದಲ್ಲಿ ಸ್ಟೋನ್‌ಫ್ಲೈ ಇಲ್ಲದಿರುವುದು ಮಾಲಿನ್ಯದ ಗುರುತಲ್ಲ, ಅದು ನಿಂತ ನೀರಿನ ಗುಣ. ಯಗಚಿ, ಹೇಮಾವತಿ ಜಲಾಶಯಗಳಿಗಿಂತ ಮೇಲಿನ ಹರಿವು ಆರಿಸಿಕೊಳ್ಳಿ.

ಹಳ್ಳದಂಚು · ಫೆಬ್ರವರಿ 9

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಎರಡು ಜಾಗ ಮಾಡಿದೆವು. ಒಂದು, ಮೇಲಿನ ತೋಟದ ಪಲ್ಪರ್‌ಗಿಂತ ಮೇಲೆ. ಇನ್ನೊಂದು, ನಮ್ಮ ಗುಂಡಿಯ ಕೆಳಗೆ. ಎರಡು ಕಡೆಯೂ ಮೊಣಕಾಲಿಗಿಂತ ಕಮ್ಮಿ ನೀರು, ಮುಷ್ಟಿಗಾತ್ರದ ಕಲ್ಲು. ಬಲೆ ಕೆಳಗೆ ಹಿಡಿದು 3 ನಿಮಿಷ ಕಾಲಲ್ಲಿ ಕಲ್ಲು ಕದಡಿದೆವು. ಬಿಳಿ ತಟ್ಟೆಗೆ ಸುರಿದು ನೋಡಿ, ಎಲ್ಲವನ್ನೂ ವಾಪಸ್ ನೀರಿಗೆ ಬಿಟ್ಟೆವು.

ಮೇಲಿನ ಜಾಗದಲ್ಲಿ ಎರಡು ಬಾಲದ, ಎರಡು ಉಗುರಿನ ಸ್ಟೋನ್‌ಫ್ಲೈ ಸಿಕ್ಕಿತು. ಮರಳಿನ ಗೂಡಿನ ಕ್ಯಾಡಿಸ್ ಸಿಕ್ಕಿತು. ನನ್ನ ಬಾಲ್ಯದ ಚಪ್ಪಟೆ ಹುಳವೂ ಸಿಕ್ಕಿತು. ಅದನ್ನು ತಟ್ಟೆಯಲ್ಲಿ ಕಂಡಾಗ ನನಗೆ ಮಾತೇ ಹೊರಡಲಿಲ್ಲ. ಅಜ್ಜಿ ಇದ್ದಿದ್ದರೆ ತೋರಿಸುತ್ತಿದ್ದೆ.

ನಮ್ಮ ಗುಂಡಿಯ ಕೆಳಗೆ ಕೆಂಪು ಹುಳ, ದಾರದ ಹುಳ. ಅಷ್ಟೇ. ಮೂರು ಸಲ ಬಲೆ ಹಾಕಿದೆ, ಮೂರು ಸಲವೂ ಅದೇ.

ಬಾವಲಿ ವಿಷಯ ನನಗೆ ಅರ್ಥ ಆಗಲಿಲ್ಲ. ರೆಕಾರ್ಡರ್ ಕೇಳಿದಾಗ ಆ ಜರ್ರ್ ಸದ್ದು ಕೆಳಗಿನ ಮಡುವಿನಲ್ಲೇ ಜಾಸ್ತಿ ಬಂದಿದೆ. ಎರಡು ರಾತ್ರಿಯೂ.

ರಾತ್ರಿ ಕಿವಿ · ಫೆಬ್ರವರಿ 9

ಫೈಲ್ ಕೇಳಿದೆ. ಬಹಳ ಚೆನ್ನಾಗಿ ಮಾಡಿದ್ದೀರಿ. ಕೆಂಪು ಹುಳ ರೆಕ್ಕೆ ಬಂದು ಏಳುತ್ತಿದೆ, ಬಾವಲಿ ಅದಕ್ಕೇ ಬಂದಿದೆ ಅಂತ ನನ್ನ ಅನಿಸಿಕೆ. ಬಾವಲಿ ಮಾತ್ರ ಎಣಿಸಿದ್ದರೆ ಕೆಳಗಿನ ನೀರೇ ಒಳ್ಳೆಯದು ಅಂತ ಬರೆದುಬಿಡುತ್ತಿದ್ದೆವು.

ಕಲ್ಲೆತ್ತಿ ನೋಡು · ಫೆಬ್ರವರಿ 10

ನಾನು ಅಷ್ಟು ಬೇಗ ಒಪ್ಪುವುದಿಲ್ಲ. ಫೋಟೋದಲ್ಲಿ ಕೆಳಗಿನ ಮಡು ಅಗಲವಾಗಿದೆ, ಮೇಲಿನದು ಇಕ್ಕಟ್ಟು, ಕೊಂಬೆ ಬಾಗಿದೆ. ಬಾವಲಿಗೆ ಹಾರಲು ಜಾಗ ಸಿಕ್ಕಿದ್ದೇ ಕಾರಣ ಇರಬಹುದಲ್ವಾ? ಮೇಲ್ಗಡೆ ಇನ್ನೊಂದು ಅಗಲದ ಮಡು ಹುಡುಕಿ, ಮೇ ತಿಂಗಳಲ್ಲಿ ಮತ್ತೆ ಕೇಳೋಣ. ಹುಳದ ವಿಷಯದಲ್ಲಿ ಮಾತ್ರ ಅನುಮಾನ ಇಲ್ಲ. ಅದು ನೀರಿನದೇ ಮಾತು.

ರಾತ್ರಿ ಕಿವಿ · ಫೆಬ್ರವರಿ 10

ಸರಿಯಾದ ಪ್ರಶ್ನೆ. ಅಗಲದ ಮಡು ಹುಡುಕುವವರೆಗೆ ನನ್ನ ಮಾತು ಬರೀ ಊಹೆ ಅಂತಲೇ ಇಟ್ಟುಕೊಳ್ಳಿ.

ಕಣದ ಕಾವಲು · ಫೆಬ್ರವರಿ 11

ನಿಮ್ಮ ಬರಹ ಓದಿ ನಿನ್ನೆ ನಮ್ಮ ತೋಟದ ಕೆಳಗೆ ನಾನೂ ಇಳಿದೆ. ಬಲೆ ಇರಲಿಲ್ಲ, ಕೈಯಲ್ಲೇ ಕಲ್ಲು ಎತ್ತಿದೆ. ಕೆಂಪು ಹುಳ ನನ್ನ ಹಳ್ಳದಲ್ಲೂ ಇದೆ. ಮಗನಿಗೆ ತೋರಿಸಿದೆ. ಮುಂದಿನ ಕೊಯ್ಲಿಗೆ ಮುಂಚೆ ಎರಡನೇ ತೊಟ್ಟಿ ತೆಗೆಸೋಣ ಅಂತ ಅವನೇ ಹೇಳಿದ. ಜೆಸಿಬಿಯವನ ಹತ್ತಿರ ಮಾತಾಡಿದ್ದೇನೆ. ನಿಮ್ಮ ಗುಂಡಿ ಎಷ್ಟು ಆಳ ಇದೆ, ಎಷ್ಟು ಚೀಲಕ್ಕೆ ತುಂಬುತ್ತದೆ ಅಂತ ತಿಳಿಸುತ್ತೀರಾ?

ಹಳ್ಳದಂಚು · ಫೆಬ್ರವರಿ 11

ಅಪ್ಪನ ಹತ್ತಿರ ಕೇಳಿ ನಾಳೆ ಅಳತೆ ಹಾಕುತ್ತೇನೆ. ನಮ್ಮದಕ್ಕೂ ಇನ್ನೊಂದು ಬೇಕು. ಆ ಜೆಸಿಬಿಯವರು ನಮ್ಮ ಕಡೆಗೂ ಬರುತ್ತಾರಾ ಕೇಳಿ ನೋಡಿ. ಭಾನುವಾರ ಬಲೆ ತೆಗೆದುಕೊಂಡು ನಾನೇ ನಿಮ್ಮ ಹಳ್ಳಕ್ಕೆ ಬರುತ್ತೇನೆ, ಬೆಳಿಗ್ಗೆ 8ರ ಮೇಲೆ, ಆನೆ ಮೆಸೇಜ್ ನೋಡಿಕೊಂಡು.